ವಿಮಾನದ ಮೈಲಿ ಮತ್ತು ಪಾಯಿಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮಂಗಳೂರಿನಿಂದ ಆಗಾಗ ಹಾರುವವರು, ಹೊರದೇಶದಲ್ಲಿ ಕೆಲಸದಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರು, ಮಕ್ಕಳ ಮನೆಗೆ ಹೋಗಿಬರುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಈ ಯೋಜನೆಗಳ ನಿಯಮಗಳು ಪದೇ ಪದೇ ಬದಲಾಗುತ್ತವೆ. ಹಾಗಾಗಿ ದುಡ್ಡು ಅಥವಾ ಪಾಯಿಂಟ್ ಕಟ್ಟುವ ಮೊದಲು ಆಯಾ ಕಂಪನಿಯ ಸೈಟಿನಲ್ಲಿ ಇವತ್ತಿನ ನಿಯಮ ಏನಿದೆ ಅಂತ ನೋಡಿಕೊಳ್ಳಿ.

ಮೈಲಿ, ಪಾಯಿಂಟ್ ಅಂದರೆ ನಿಜಕ್ಕೂ ಏನು? ಕಂಪನಿಗೆ ಇದರಿಂದ ಏನು ಲಾಭ?

ವಿಮಾನದಲ್ಲಿ ಹಾರಿದ್ದಕ್ಕೆ ಕಂಪನಿ ನಿಮ್ಮ ಖಾತೆಗೆ ಹಾಕುವ ಅಂಕಗಳು ಇವು, ಸಾಕಷ್ಟು ಕೂಡಿದ ಮೇಲೆ ಅವನ್ನೇ ಕೊಟ್ಟು ಟಿಕೆಟ್ ಕೊಳ್ಳಬಹುದು. ಕೆಲವರು ಮೈಲಿ ಅನ್ನುತ್ತಾರೆ, ಕೆಲವರು ಪಾಯಿಂಟ್. ಅಂಗಡಿಯವನು ಚಿಲ್ಲರೆ ಇಲ್ಲ ಅಂತ ಕೈಗೆ ಎರಡು ಚಾಕಲೇಟ್ ಕೊಡುತ್ತಾನಲ್ಲ, ಹೆಚ್ಚುಕಮ್ಮಿ ಹಾಗೆ. ಅದು ಅವನ ಅಂಗಡಿಯ ಚಾಕಲೇಟು, ಅದರ ಬೆಲೆಯನ್ನೂ ಅವನೇ ಹೇಳುತ್ತಾನೆ. ವಿಮಾನ ಕಂಪನಿ ಕೊಡುವ ಪಾಯಿಂಟಿಗೂ ಅಷ್ಟೇ ಬೆಲೆ. ಇವತ್ತು 20,000 ಪಾಯಿಂಟಿಗೆ ಸಿಗುವ ಸೀಟು ನಾಳೆ 30,000 ಆಗಬಹುದು. ಕೇಳುವಂತಿಲ್ಲ.

1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಅಡ್ವಾಂಟೇಜ್ ಯೋಜನೆ ಶುರುಮಾಡಿದ್ದು ಗಿರಾಕಿಗಳು ಬೇರೆ ಕಂಪನಿಗೆ ಹೋಗದಿರಲಿ ಅಂತ. ಈಗ ಲೆಕ್ಕ ಇನ್ನೂ ದೊಡ್ಡದು. ಬ್ಯಾಂಕುಗಳು ತಮ್ಮ ಕಾರ್ಡಿನವರಿಗೆ ಕೊಡಲು ಮೈಲಿಗಳನ್ನು ವಿಮಾನ ಕಂಪನಿಗಳಿಂದ ದುಡ್ಡು ಕೊಟ್ಟು ಕೊಳ್ಳುತ್ತವೆ. ನೀವು ತರಕಾರಿ ಕೊಂಡರೂ ಎಲ್ಲೋ ಒಂದು ವಿಮಾನ ಕಂಪನಿಗೆ ಆದಾಯ.

ಹಾಗಾಗಿ ಪಾಯಿಂಟುಗಳನ್ನು ಬ್ಯಾಂಕಿನ ಠೇವಣಿ ಅಂದುಕೊಳ್ಳಬೇಡಿ. ಬಡ್ಡಿ ಬರುವುದಿಲ್ಲ, ಬೆಲೆ ಮಾತ್ರ ಇಳಿಯುತ್ತದೆ. ಕೆಳಗಿನ ಹೆಚ್ಚಿನ ಉತ್ತರಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ವರ್ಷಕ್ಕೆ ಒಂದೆರಡು ಸಲ ಹಾರುವ ನನಗೂ ಇದು ಬೇಕಾ?

ಸೇರಲು ದುಡ್ಡಿಲ್ಲ, ಹತ್ತು ನಿಮಿಷದ ಕೆಲಸ. ಸೇರಿ. ಬೆಂಗಳೂರಿನಿಂದ ಅಮೆರಿಕಕ್ಕೆ ಒಂದು ಸಲ ಹೋಗಿಬಂದರೂ ದೇಶದೊಳಗೆ ತುಂಬ ಸಲ ಹಾರಿದಷ್ಟು ಮೈಲಿ ಬರುತ್ತದೆ. ಆದರೆ ಪಾಯಿಂಟ್ ಬರುತ್ತೆ ಅಂತ ಎರಡು ಸಾವಿರ ಜಾಸ್ತಿ ಕೊಟ್ಟು ಅದೇ ಕಂಪನಿಯಲ್ಲಿ ಹೋಗಬೇಡಿ. ಅಪರೂಪಕ್ಕೆ ಹಾರುವವರಿಗೆ ಕಡಿಮೆ ದರದ ಟಿಕೆಟ್ಟೇ ಒಳ್ಳೆಯ ಬಹುಮಾನ.

ಕರ್ನಾಟಕದಿಂದ ಹಾರುವವರು ಯಾವ ಯೋಜನೆಗೆ ಸೇರಬೇಕು?

ನೀವು ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ದೇಶದೊಳಗೇ ಓಡಾಟ ಜಾಸ್ತಿ ಇದ್ದರೆ ಎರಡು ಆಯ್ಕೆ. ಇಂಡಿಗೋದವರು 2024ರಲ್ಲಿ ಬ್ಲೂಚಿಪ್ ಅನ್ನುವ ಯೋಜನೆ ತಂದರು. ಅಲ್ಲಿಯವರೆಗೆ ದೇಶದ ಅತಿ ದೊಡ್ಡ ವಿಮಾನ ಕಂಪನಿಗೆ ಸರಿಯಾದ ಪಾಯಿಂಟ್ ಯೋಜನೆಯೇ ಇರಲಿಲ್ಲ, ಕಾರ್ಡಿನ ಮೂಲಕ ಸಿಗುತ್ತಿದ್ದ ಪಾಯಿಂಟ್ ಬಿಟ್ಟರೆ. ಇನ್ನೊಂದು ಏರ್ ಇಂಡಿಯಾದ ಮಹಾರಾಜ ಕ್ಲಬ್, ಹಳೆಯ ಹೆಸರು ಫ್ಲೈಯಿಂಗ್ ರಿಟರ್ನ್ಸ್. ನವೆಂಬರ್ 2024ರಲ್ಲಿ ವಿಸ್ತಾರ ಏರ್ ಇಂಡಿಯಾದೊಳಗೆ ಸೇರಿದಾಗ ವಿಸ್ತಾರದ ಪಾಯಿಂಟುಗಳೂ ಇಲ್ಲಿಗೆ ಬಂದವು.

ಇವೆರಡರಲ್ಲಿ ದೊಡ್ಡ ವ್ಯತ್ಯಾಸ ಒಂದಿದೆ. ಏರ್ ಇಂಡಿಯಾ 2014ರ ಜುಲೈನಿಂದ ಸ್ಟಾರ್ ಅಲಯನ್ಸ್ ಕೂಟದಲ್ಲಿದೆ. ಕೂಟ ಅಂದರೆ ಒಬ್ಬರ ವಿಮಾನದಲ್ಲಿ ಹಾರಿ ಇನ್ನೊಬ್ಬರ ಖಾತೆಗೆ ಮೈಲಿ ಹಾಕಿಸಲು ಬಿಡುವ ವಿಮಾನ ಕಂಪನಿಗಳ ಗುಂಪು. ಇಂಡಿಗೋ ಯಾವ ಕೂಟದಲ್ಲೂ ಇಲ್ಲ. ಹೊರದೇಶಕ್ಕೂ ಹೋಗಿಬರುವವರಿಗೆ ಇದು ಮುಖ್ಯ. ದಿಲ್ಲಿ, ಮುಂಬೈ, ಹುಬ್ಬಳ್ಳಿ ಅಷ್ಟೇ ಆದರೆ ಅದು ಲೆಕ್ಕಕ್ಕಿಲ್ಲ. ನಿಮ್ಮ ಊರಿಗೆ, ನಿಮ್ಮ ಹೊತ್ತಿಗೆ ಯಾರ ವಿಮಾನ ಇದೆಯೋ ಅವರದ್ದೇ ಸರಿ.

ಸಿಂಗಾಪುರ, ಆಸ್ಟ್ರೇಲಿಯಾ, ಜಪಾನ್ ಕಡೆ ಹೋಗುವವರಿಗೆ ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಚೆನ್ನಾಗಿದೆ. ಅದೂ ಸ್ಟಾರ್ ಅಲಯನ್ಸ್‌ನದೇ. ಜರ್ಮನಿ, ಅಮೆರಿಕಕ್ಕೆ ಲುಫ್ತಾನ್ಸಾ ಅಥವಾ ಏರ್ ಇಂಡಿಯಾದಲ್ಲಿ ಹೋಗುವವರು ಮಹಾರಾಜ ಕ್ಲಬ್ಬಿನಲ್ಲೋ ಕ್ರಿಸ್‌ಫ್ಲೈಯರ್‌ನಲ್ಲೋ ಎಲ್ಲವನ್ನೂ ಒಟ್ಟುಮಾಡಬಹುದು. ಬ್ರಿಟಿಷ್ ಏರ್‌ವೇಸ್ ಅಥವಾ ಕತಾರ್ ಏರ್‌ವೇಸ್‌ನಲ್ಲಿ ಹೋಗುವವರಿಗೆ ಏವಿಯೋಸ್ ಪಾಯಿಂಟು. ಇದು ಎರಡೂ ಕಂಪನಿಗಳಲ್ಲಿ ನಡೆಯುತ್ತದೆ, ಒಂದರಿಂದ ಇನ್ನೊಂದಕ್ಕೆ ಹಾಗೆಯೇ ಸಾಗಿಸಬಹುದು. ದುಬೈಗೆ ಎಮಿರೇಟ್ಸ್‌ನಲ್ಲಿ ಹೋಗುವವರಿಗೆ ಸ್ಕೈವರ್ಡ್ಸ್. ಎಮಿರೇಟ್ಸ್ ಯಾವ ಕೂಟಕ್ಕೂ ಸೇರಿಲ್ಲ ಅನ್ನುವುದು ನೆನಪಿರಲಿ.

ಮಂಗಳೂರಿನಿಂದ ಗಲ್ಫಿಗೆ ಹೋಗುವವರು ಹೆಚ್ಚಾಗಿ ಹತ್ತುವುದು ಏರ್ ಇಂಡಿಯಾ ಎಕ್ಸ್‌ಪ್ರೆಸ್. ಹೆಸರಲ್ಲಿ ಏರ್ ಇಂಡಿಯಾ ಇದೆ, ಎರಡೂ ಟಾಟಾದವರದೇ. ಆದರೆ ಎಕ್ಸ್‌ಪ್ರೆಸ್ ಸ್ಟಾರ್ ಅಲಯನ್ಸ್‌ನಲ್ಲಿ ಇಲ್ಲ. ಅಲ್ಲಿ ಹಾರಿದ್ದನ್ನು ಸಿಂಗಾಪುರ್ ಏರ್‌ಲೈನ್ಸ್ ಖಾತೆಗೆ ಹಾಕಿಸುತ್ತೇನೆ ಅಂತ ಕಾಯಬೇಡಿ. ಹಾಗೆಯೇ ಬೆಳಗಾವಿ, ಹುಬ್ಬಳ್ಳಿಯವರಿಗೆ ಗೊತ್ತಿರುವ ಸ್ಟಾರ್ ಏರ್ ಬೇರೆ, ಸ್ಟಾರ್ ಅಲಯನ್ಸ್ ಬೇರೆ. ಇದನ್ನು ಕೇಳುವವರು ಇನ್ನೂ ಇದ್ದಾರೆ!

ಒಟ್ಟಿನಲ್ಲಿ ಒಂದು ಮುಖ್ಯ ಖಾತೆ, ಬೇಕಿದ್ದರೆ ದೇಶದೊಳಗಿನ ಓಡಾಟಕ್ಕೆ ಇನ್ನೊಂದು. ಏಳು ಕಡೆ ಎರಡೆರಡು ಸಾವಿರ ಮೈಲಿ ಬಿದ್ದಿದ್ದರೆ ಯಾವುದಕ್ಕೂ ಬರುವುದಿಲ್ಲ.

ಲುಫ್ತಾನ್ಸಾದಲ್ಲಿ ಹಾರಿ ಏರ್ ಇಂಡಿಯಾ ಖಾತೆಗೆ ಮೈಲಿ ಹಾಕಿಸಬಹುದಾ?

ಹಾಕಿಸಬಹುದು. ಕೂಟದ ಉಪಯೋಗವೇ ಅದು. ಟಿಕೆಟ್ ಮಾಡುವಾಗ ಅಥವಾ ಚೆಕ್‌ಇನ್ ಕೌಂಟರಿನಲ್ಲಿ ಯಾವ ಖಾತೆಯ ನಂಬರ್ ಕೊಡುತ್ತೀರೋ ಅಲ್ಲಿಗೆ ಹೋಗುತ್ತದೆ. ಒಂದು ಪ್ರಯಾಣಕ್ಕೆ ಒಂದೇ ಖಾತೆ, ಎರಡು ಕಡೆ ಬರುವುದಿಲ್ಲ.

ಆದರೆ ಎಷ್ಟು ಬರುತ್ತದೆ ಅನ್ನುವುದನ್ನು ಟಿಕೆಟ್ಟಿನ ಮೇಲಿನ ಒಂದು ಅಕ್ಷರ ನಿರ್ಧರಿಸುತ್ತದೆ. ಇದನ್ನು ಬುಕಿಂಗ್ ಕ್ಲಾಸ್ ಅನ್ನುತ್ತಾರೆ. ಪಕ್ಕಪಕ್ಕದ ಎರಡು ಎಕಾನಮಿ ಸೀಟುಗಳಲ್ಲಿ ಒಬ್ಬರದು ವೈ ಕ್ಲಾಸ್ ಇರಬಹುದು, ಇನ್ನೊಬ್ಬರದು ತೀರಾ ಅಗ್ಗದ ಬೇರೊಂದು ಅಕ್ಷರ. ಊಟ ಅದೇ, ಕಾಲಿಡುವ ಜಾಗ ಅಷ್ಟೇ, ಮೈಲಿ ಮಾತ್ರ ಬೇರೆ ಬೇರೆ. ಬೆಂಗಳೂರು–ಫ್ರಾಂಕ್‌ಫರ್ಟ್ ದೂರ ಸುಮಾರು 4,600 ಮೈಲಿ. ದೂರದ ಲೆಕ್ಕದಲ್ಲಿ ಕೊಡುವ ಯೋಜನೆಯಲ್ಲಿ ನಿಮ್ಮ ಅಕ್ಷರಕ್ಕೆ ಶೇ. 100 ಇದ್ದರೆ 4,600 ಪೂರ್ತಿ ಬರುತ್ತದೆ. ಶೇ. 25 ಇದ್ದರೆ 1,150. ಕೆಲವು ಅಕ್ಷರಗಳಿಗೆ ಸೊನ್ನೆ.

ಒಂದೇ ಅಕ್ಷರಕ್ಕೆ ಒಂದು ಯೋಜನೆಯಲ್ಲಿ ಸೊನ್ನೆ, ಅದೇ ಕೂಟದ ಇನ್ನೊಂದು ಯೋಜನೆಯಲ್ಲಿ ಶೇ. 50 ಇರುವುದೂ ಉಂಟು. ಹಾಗಾಗಿ ಖಾತೆ ನಂಬರ್ ಕೊಡುವ ಮುಂಚೆ ಆ ಯೋಜನೆಯ ಸೈಟಿನಲ್ಲಿ ಪಾಲುದಾರ ಕಂಪನಿಗಳ ಪಟ್ಟಿ ತೆಗೆದು ನಿಮ್ಮ ಅಕ್ಷರ ಹುಡುಕಿ. ಎರಡು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ.

ಕಂಪನಿಯ ಸ್ವಂತ ವಿಮಾನದಲ್ಲಿ ಹಾರಿದರೆ ಲೆಕ್ಕ ಬೇರೆ. ಈಗ ಹೆಚ್ಚಿನವರು, ಏರ್ ಇಂಡಿಯಾ ಕೂಡ, ದೂರದ ಬದಲು ನೀವು ಕೊಟ್ಟ ದುಡ್ಡಿಗೆ ತಕ್ಕಂತೆ ಪಾಯಿಂಟ್ ಕೊಡುತ್ತಾರೆ. ಆ ದುಡ್ಡಿನಲ್ಲಿ ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಲೆಕ್ಕಕ್ಕೆ ಬರುವುದಿಲ್ಲ.

ಪಾಸ್‌ಪೋರ್ಟಿನಲ್ಲಿ ಹೆಸರು ಒಂದು ಥರ, ಖಾತೆಯಲ್ಲಿ ಇನ್ನೊಂದು ಥರ. ತೊಂದರೆ ಆಗುತ್ತಾ?

ಆಗುತ್ತದೆ. ನಮ್ಮ ಕಡೆಯವರಿಗೆ ಮೈಲಿ ಬಾರದೇ ಇರಲು ಇದೇ ದೊಡ್ಡ ಕಾರಣಗಳಲ್ಲಿ ಒಂದು.

ಉದಾಹರಣೆಗೆ ಎಚ್. ಆರ್. ನಾಗರಾಜ ಅಂತ ಒಬ್ಬರು. ಎಚ್ ಅಂದರೆ ಹಾಸನ, ಆರ್ ಅಂದರೆ ತಂದೆ ರಾಮಯ್ಯ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು. ಆಗ ಸರ್‌ನೇಮ್ ಜಾಗದಲ್ಲಿ 'ಹಾಸನ ರಾಮಯ್ಯ', ಹೆಸರಿನ ಜಾಗದಲ್ಲಿ 'ನಾಗರಾಜ'. ವಿಮಾನದಲ್ಲಿ ಅವರನ್ನು 'ಮಿಸ್ಟರ್ ಹಾಸನ ರಾಮಯ್ಯ' ಅಂತ ಕರೆಯುತ್ತಾರೆ. ಅದು ಹೋಗಲಿ. ಅವರ ಮಗಳು ಖಾತೆ ತೆರೆಯುವಾಗ ಹೆಸರು ನಾಗರಾಜ, ಸರ್‌ನೇಮ್ ಎಚ್ ಆರ್ ಅಂತ ಹಾಕಿರುತ್ತಾಳೆ. ಟಿಕೆಟ್ಟಿನ ಹೆಸರಿಗೂ ಖಾತೆಯ ಹೆಸರಿಗೂ ತಾಳೆ ಬೀಳದೆ ಕಂಪ್ಯೂಟರ್ ಮೈಲಿಯನ್ನು ಆಚೆಗೆ ತಳ್ಳುತ್ತದೆ.

ಇನ್ನು ಕೆಲವರಿಗೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಹಳೆಯ ತಲೆಮಾರಿನ ಹೆಂಗಸರಲ್ಲಿ ಇದು ತುಂಬ ಸಾಮಾನ್ಯ. ಬರೀ 'ಸಾವಿತ್ರಮ್ಮ' ಅಷ್ಟೇ. ಇಂಥವರಿಗೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ವಿಮಾನ ಕಂಪನಿಗಳಲ್ಲಿ ಕೆಲವರು ಅದೇ ಹೆಸರನ್ನು ಎರಡು ಸಲ ಬರೆಯಿರಿ ಅನ್ನುತ್ತಾರೆ, ಕೆಲವರು ಎಫ್‌ಎನ್‌ಯು ಹಾಕಿ ಅನ್ನುತ್ತಾರೆ.

ಪರಿಹಾರ ಸುಲಭ. ಟಿಕೆಟ್ ಪಾಸ್‌ಪೋರ್ಟಿನ ಪ್ರಕಾರ, ಖಾತೆ ಟಿಕೆಟ್ಟಿನ ಪ್ರಕಾರ. ಮನೆಯಲ್ಲಿ, ಆಧಾರ್‌ನಲ್ಲಿ, ಬ್ಯಾಂಕಿನಲ್ಲಿ ಹೇಗಿದೆ ಅನ್ನುವುದನ್ನು ಮರೆತುಬಿಡಿ. ಈಗಾಗಲೇ ಖಾತೆ ತಪ್ಪು ಹೆಸರಲ್ಲಿದ್ದರೆ ಪಾಸ್‌ಪೋರ್ಟಿನ ಪ್ರತಿ ಕಳಿಸಿ ಸರಿಮಾಡಿಸಿ. ಇದನ್ನು ಪ್ರಯಾಣಕ್ಕೆ ಮುಂಚೆಯೇ ಮಾಡಿ, ಆಮೇಲೆ ಮಾಡಿಸುವುದು ತಲೆನೋವು. ಹೊಸ ಖಾತೆ ತೆರೆಯಲು ಹೋಗಬೇಡಿ. ಒಬ್ಬರಿಗೆ ಒಂದೇ ಖಾತೆ ಅನ್ನುವುದು ಸಾಮಾನ್ಯ ನಿಯಮ.

ಅಪ್ಪ ಅಮ್ಮನ ಟಿಕೆಟ್ ಮಾಡಿ ದುಡ್ಡು ಕೊಡುವುದು ನಾನು. ಮೈಲಿ ನನಗೆ ಬರುತ್ತಾ?

ಇಲ್ಲ. ಸೀಟಿನಲ್ಲಿ ಕೂತವರಿಗೆ ಮೈಲಿ, ದುಡ್ಡು ಕೊಟ್ಟವರಿಗಲ್ಲ. ಅದಕ್ಕೇ ಅವರ ಹೆಸರಲ್ಲಿ ಖಾತೆ ತೆರೆಯಿರಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ದೂರವೇ ಸುಮಾರು 14,000 ಕಿ.ಮೀ. ಇಬ್ಬರು ಹೋಗಿಬಂದರೆ ಎಷ್ಟಾಯಿತು ನೋಡಿ. ಬಹಳ ಮನೆಗಳಲ್ಲಿ ಇದೆಲ್ಲ ಸುಮ್ನೆ ಗಾಳಿಗೆ ಹೋಗುತ್ತದೆ.

ಕೆಲವು ಯೋಜನೆಗಳಲ್ಲಿ ಮನೆಯವರ ಮೈಲಿಗಳನ್ನು ಒಂದೇ ಕಡೆ ಕೂಡಿಸಬಹುದು. ಎಮಿರೇಟ್ಸ್‌ನಲ್ಲಿ ಎಂಟು ಜನರವರೆಗೆ ಒಂದು ಕುಟುಂಬ ಖಾತೆ ಮಾಡಬಹುದು. ಕತಾರ್, ಬ್ರಿಟಿಷ್ ಏರ್‌ವೇಸ್‌ನಲ್ಲೂ ಇಂಥ ಏರ್ಪಾಡಿದೆ. ಕ್ರಿಸ್‌ಫ್ಲೈಯರ್‌ನಲ್ಲಿ ಕೂಡಿಸಲು ಬರುವುದಿಲ್ಲ. ಆದರೆ ನಿಮ್ಮ ಮೈಲಿಯಲ್ಲಿ ಬೇರೆಯವರಿಗೆ ಟಿಕೆಟ್ ಮಾಡಲು ಐದು ಜನರ ಹೆಸರು ಸೇರಿಸಬಹುದು. ಆ ಐದರಲ್ಲಿ ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ಮೊದಲೇ ಹಾಕಿಡಿ. ಭಾವಮೈದುನನ ವಿಚಾರ ಆಮೇಲೆ ನೋಡಿದರಾಯಿತು.

ಅಪ್ಪ ಅಮ್ಮನ ಖಾತೆಗೆ ಅವರದೇ ಫೋನ್ ನಂಬರ್ ಹಾಕಿದರೆ ಒಟಿಪಿ ಅವರಿಗೆ ಹೋಗುತ್ತದೆ. ನೀವು ರಾತ್ರಿ ಎರಡಕ್ಕೆ ಕ್ಯಾಲಿಫೋರ್ನಿಯಾದಿಂದ ಫೋನ್ ಮಾಡಿ ಎಬ್ಬಿಸಬೇಕು. ಇಮೇಲ್ ಆದರೂ ನೀವು ನೋಡುವಂಥದ್ದನ್ನು ಕೊಡಿ.

ಆಫೀಸಿನ ಖರ್ಚಿನಲ್ಲಿ ಹೋದರೆ ಮೈಲಿ ಯಾರದ್ದು?

ವಿಮಾನ ಕಂಪನಿಯ ಲೆಕ್ಕದಲ್ಲಿ ನಿಮ್ಮದು. ಹೆಚ್ಚಿನ ಐಟಿ ಕಂಪನಿಗಳು ಇದಕ್ಕೆ ತಕರಾರು ಮಾಡುವುದಿಲ್ಲ, ಆದರೂ ನಿಮ್ಮಲ್ಲಿ ನಿಯಮ ಏನಿದೆ ಕೇಳಿಕೊಳ್ಳಿ. ಟ್ರಾವೆಲ್ ಡೆಸ್ಕಿನವರು ಟಿಕೆಟ್ ಮಾಡುವಾಗ ನಿಮ್ಮ ಖಾತೆ ನಂಬರ್ ಸೇರಿಸಿರುವುದಿಲ್ಲ. ಟಿಕೆಟ್ ಕೈಗೆ ಬಂದ ಮೇಲೆ ಪಿಎನ್‌ಆರ್ ಹಾಕಿ ನೀವೇ ಸೇರಿಸಬಹುದು.

ಹಾರಿ ಒಂದು ತಿಂಗಳಾಯಿತು, ಮೈಲಿ ಬಂದಿಲ್ಲ. ಏನು ಮಾಡಲಿ?

ಸೈಟಿನಲ್ಲಿ ಬಿಟ್ಟುಹೋದ ಮೈಲಿಗೆ ಅರ್ಜಿ ಹಾಕುವ ಜಾಗ ಇರುತ್ತದೆ. ಟಿಕೆಟ್ ನಂಬರ್ ಬೇಕು. ಅದು 13 ಅಂಕಿಯದು, ಪಿಎನ್‌ಆರ್ ಅಲ್ಲ. ಬೋರ್ಡಿಂಗ್ ಪಾಸೂ ಕೇಳಬಹುದು. ಹಾಗಾಗಿ ಮೈಲಿ ಖಾತೆಗೆ ಬೀಳುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಫೋನಿನಲ್ಲಿರುವ ಬೋರ್ಡಿಂಗ್ ಪಾಸ್ ಪ್ರಯಾಣ ಮುಗಿದ ಮೇಲೆ ಮಾಯ ಆಗುವುದುಂಟು, ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಕೇಳಲು ಗಡುವು ಇದೆ; ಕ್ರಿಸ್‌ಫ್ಲೈಯರ್‌ನಲ್ಲಿ ಆರು ತಿಂಗಳು.

ಒಂದು ಪಾಯಿಂಟಿಗೆ ಎಷ್ಟು ಬೆಲೆ? ಪಾಯಿಂಟ್ ಕೊಡಲಾ, ದುಡ್ಡು ಕೊಡಲಾ ಅಂತ ಹೇಗೆ ತೀರ್ಮಾನಿಸುವುದು?

ಸಣ್ಣ ಲೆಕ್ಕ. ಅದೇ ದಿನ, ಅದೇ ವಿಮಾನದ ಟಿಕೆಟ್ಟನ್ನು ದುಡ್ಡು ಕೊಟ್ಟು ಕೊಂಡರೆ ಎಷ್ಟು ಅಂತ ನೋಡಿ. ಪಾಯಿಂಟ್ ಟಿಕೆಟ್ಟಿಗೆ ಕೈಯಿಂದ ಕಟ್ಟಬೇಕಾದ ತೆರಿಗೆ, ಶುಲ್ಕಗಳನ್ನು ಅದರಿಂದ ಕಳೆಯಿರಿ. ಉಳಿದದ್ದನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಿ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಹೊರದೇಶದ ಟಿಕೆಟ್ ₹48,000. ಅದೇ ಸೀಟು ಪಾಯಿಂಟಲ್ಲಿ 30,000 ಜೊತೆಗೆ ₹9,000. ಉಳಿದದ್ದು 39,000. ಭಾಗಿಸಿದರೆ ಒಂದು ಪಾಯಿಂಟಿಗೆ ₹1.30. ಇನ್ನೊಂದು, ದೇಶದೊಳಗಿನ ಟಿಕೆಟ್ ₹5,500. ಪಾಯಿಂಟಲ್ಲಿ 8,000 ಜೊತೆಗೆ ₹900. ಅಂದರೆ ಪಾಯಿಂಟಿಗೆ ಸುಮಾರು 57 ಪೈಸೆ. ಎರಡನೆಯದಕ್ಕೆ ದುಡ್ಡೇ ಕೊಡಿ, ಪಾಯಿಂಟುಗಳನ್ನು ಮೊದಲನೆಯದಕ್ಕೆ ಇಟ್ಟುಕೊಳ್ಳಿ. ದುಡ್ಡಿನ ಟಿಕೆಟ್ಟಿಗೆ ಹೊಸ ಪಾಯಿಂಟುಗಳೂ ಬರುತ್ತವೆ. ಪಾಯಿಂಟ್ ಟಿಕೆಟ್ಟಿಗೆ ಸಾಮಾನ್ಯವಾಗಿ ಬರುವುದಿಲ್ಲ. ಲೆಕ್ಕದಲ್ಲಿ ಅದೂ ಇರಲಿ.

ದಸರಾ, ದೀಪಾವಳಿ, ಕ್ರಿಸ್‌ಮಸ್ ರಜೆಯ ಹೊತ್ತಿಗೆ, ಅಥವಾ ಊರಲ್ಲಿ ಯಾರಿಗೋ ಹುಷಾರಿಲ್ಲ ಅಂತ ನಾಳೆಯೇ ಹೊರಡಬೇಕಾದಾಗ ದುಡ್ಡಿನ ದರ ಆಕಾಶಕ್ಕೇರಿರುತ್ತದೆ. ಪಾಯಿಂಟಿನ ದರ ಕೆಲವು ಸಲ ಅಷ್ಟು ಏರಿರುವುದಿಲ್ಲ. ಪಾಯಿಂಟಿನ ನಿಜವಾದ ಉಪಯೋಗ ಆಗ. ಗೋವಾಕ್ಕೆ ಮೂರು ಸಾವಿರದ ಟಿಕೆಟ್ಟಿಗೆ ಖರ್ಚು ಮಾಡಬೇಡಿ.

ಬಿಸಿನೆಸ್ ಕ್ಲಾಸಿನ ಲೆಕ್ಕದಲ್ಲಿ ಮಾತ್ರ ಹುಷಾರು. 'ಎರಡೂವರೆ ಲಕ್ಷದ ಸೀಟು ಪಾಯಿಂಟಲ್ಲಿ ಹೊಡೆದೆ' ಅಂತ ಹೇಳಿಕೊಳ್ಳುವವರು ಬಹಳ. ಆದರೆ ಕೈಯಿಂದ ಎರಡೂವರೆ ಲಕ್ಷ ಕೊಟ್ಟು ಅವರು ಅಲ್ಲಿ ಕೂರುತ್ತಲೇ ಇರಲಿಲ್ಲ, ಅಲ್ವಾ? ಹಾಗಾಗಿ ಉಳಿದದ್ದು ಎರಡೂವರೆ ಲಕ್ಷ ಅಲ್ಲ. ಮಲಗಿಕೊಂಡು ಹೋಗುವ ಸುಖಕ್ಕೆ ನೀವಾದರೆ ಎಷ್ಟು ಕೊಡುತ್ತಿದ್ದಿರಿ, ಆ ಅಂಕಿ ಹಿಡಿಯಿರಿ. ಮಂಡಿ ನೋವಿರುವ ಅಮ್ಮನಿಗೆ ಹದಿನಾರು ಗಂಟೆ ಕಾಲು ಚಾಚುವ ಸೀಟು ಅಂದರೆ ಆ ಅಂಕಿ ದೊಡ್ಡದೇ ಇರುತ್ತದೆ. ಆಗ ಧಾರಾಳವಾಗಿ ಖರ್ಚು ಮಾಡಿ.

ಪಾಯಿಂಟಲ್ಲಿ ಟಿಕೆಟ್ ಅಂದಮೇಲೂ ಹತ್ತಾರು ಸಾವಿರ ಯಾಕೆ ಕೇಳುತ್ತಾರೆ?

ಅದರಲ್ಲಿ ಎರಡು ಭಾಗ. ಒಂದು ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ. ಇದು ಯಾರಿಗೂ ತಪ್ಪಿದ್ದಲ್ಲ. ಇನ್ನೊಂದು ವಿಮಾನ ಕಂಪನಿಯೇ ಹಾಕುವ ಸರ್‌ಚಾರ್ಜ್. ಇಂಧನದ ಹೆಸರಲ್ಲಿ ಶುರುವಾದದ್ದು, ಎಣ್ಣೆ ಬೆಲೆ ಇಳಿದರೂ ಹೋಗಲಿಲ್ಲ. ಬ್ರಿಟಿಷ್ ಏರ್‌ವೇಸ್, ಲುಫ್ತಾನ್ಸಾ ಟಿಕೆಟ್ಟುಗಳಲ್ಲಿ ಇದು ಭಾರೀ ಇರುತ್ತದೆ.

ತಪ್ಪಿಸಿಕೊಳ್ಳಲು ಒಂದು ದಾರಿ ಇದೆ. ಒಂದೇ ಸೀಟನ್ನು ಬೇರೆ ಬೇರೆ ಯೋಜನೆಯ ಪಾಯಿಂಟಿನಿಂದ ಕೊಳ್ಳಬಹುದು, ಸರ್‌ಚಾರ್ಜ್ ವಸೂಲಿ ಯೋಜನೆಯ ಮೇಲೆ ಹೋಗುತ್ತದೆ. ಏರ್ ಕೆನಡಾದ ಏರೋಪ್ಲಾನ್ 2020ರ ನವೆಂಬರಿನಿಂದ ಈ ಸರ್‌ಚಾರ್ಜ್ ತೆಗೆದುಹಾಕಿತು. ಅಮೆರಿಕದ ಯುನೈಟೆಡ್ ಕೂಡ ಪಾಯಿಂಟ್ ಟಿಕೆಟ್ಟಿಗೆ ಅದನ್ನು ಹಾಕುವುದಿಲ್ಲ. ಹಾಗಾಗಿ ಟೊರಾಂಟೋದಲ್ಲೋ ಚಿಕಾಗೋದಲ್ಲೋ ಇರುವ ಕನ್ನಡಿಗರು ಲುಫ್ತಾನ್ಸಾದ ಫ್ರಾಂಕ್‌ಫರ್ಟ್–ಬೆಂಗಳೂರು ಸೀಟನ್ನು ಲುಫ್ತಾನ್ಸಾದ ಮೈಲಿಯಿಂದ ಕೊಳ್ಳುವುದಕ್ಕಿಂತ ಈ ಎರಡರಲ್ಲಿ ಒಂದರಿಂದ ಕೊಂಡರೆ ಕೈಯಿಂದ ಹೋಗುವ ದುಡ್ಡು ಬಹಳ ಕಡಿಮೆ.

ನಾನು ಹುಡುಕಿದಾಗಲೆಲ್ಲ ಪಾಯಿಂಟಿನ ಸೀಟೇ ಇರುವುದಿಲ್ಲ. ಹೇಗೆ ಸಿಗುತ್ತದೆ?

ಎರಡು ಹೊತ್ತಿನಲ್ಲಿ ಸಿಗುತ್ತದೆ: ತುಂಬಾ ಮುಂಚೆ, ಇಲ್ಲವೇ ಕೊನೇ ಗಳಿಗೆಯಲ್ಲಿ. ಸಿಂಗಾಪುರ್ ಏರ್‌ಲೈನ್ಸ್ 355 ದಿನ ಮುಂಚೆ ಸೀಟು ಬಿಡುತ್ತದೆ. ಮುಂದಿನ ವರ್ಷದ ಮದುವೆಗೆ ಛತ್ರ ಬುಕ್ ಮಾಡಿದ ದಿನವೇ ಸೀಟನ್ನೂ ನೋಡಿದರೆ ಸರಿ. ಕೊನೆಯಲ್ಲಿ, ಮಾರಾಟವಾಗದ ಸೀಟುಗಳನ್ನು ಹೊರಡುವ ಒಂದೆರಡು ವಾರ ಮುಂಚೆ ಬಿಡುವುದುಂಟು. ಅದನ್ನು ನಂಬಿ ನಾಲ್ಕು ಜನರ ಸಂಸಾರ ಕಟ್ಟಿಕೊಂಡು ಕೂರಬೇಡಿ. ಒಬ್ಬರೇ ಆದರೆ ಪರವಾಗಿಲ್ಲ.

ದಿನ ಹಿಂದೆ ಮುಂದೆ ಮಾಡಲು ತಯಾರಿರಿ. ಬೆಂಗಳೂರಿನಿಂದ ಇಲ್ಲದಿದ್ದರೆ ಚೆನ್ನೈ, ಕೊಚ್ಚಿ, ಹೈದರಾಬಾದಿನಿಂದ ನೋಡಿ. ಕ್ರಿಸ್‌ಫ್ಲೈಯರ್ ತಿಂಗಳು ತಿಂಗಳೂ ಕೆಲವು ಊರುಗಳಿಗೆ ಶೇ. 30 ಕಡಿಮೆ ಮೈಲಿಗೆ ಸೀಟು ಕೊಡುವ ಪಟ್ಟಿ ಹಾಕುತ್ತದೆ. ಏರ್ ಫ್ರಾನ್ಸ್, ಕೆಎಲ್‌ಎಂನ ಫ್ಲೈಯಿಂಗ್ ಬ್ಲೂನಲ್ಲೂ ಇಂಥದ್ದಿದೆ. ಇವೆರಡೂ ಬೆಂಗಳೂರಿಗೆ ಹಾರುತ್ತವೆ.

ಪಾಯಿಂಟಲ್ಲಿ ಮಿಕ್ಸರ್, ಶಾಪಿಂಗ್ ವೋಚರ್ ತಗೊಳ್ಳಬಹುದಾ?

ತಗೊಳ್ಳಬಹುದು, ಬೇಡಿ. ಮೇಲಿನ ಲೆಕ್ಕ ಹಾಕಿ ನೋಡಿದರೆ ಪಾಯಿಂಟಿಗೆ ಸಿಗುವುದು ಅತಿ ಕಡಿಮೆ ಬೆಲೆ. ಇನ್ನು ಹಾರುವುದೇ ಇಲ್ಲ, ಮುಂದಿನ ತಿಂಗಳು ಅವಧಿ ಮುಗಿಯುತ್ತದೆ ಅಂತಿದ್ದರೆ ಮಾತ್ರ ಸರಿ. ಸೊನ್ನೆಗಿಂತ ಮಿಕ್ಸರ್ ವಾಸಿ.

ಕ್ರೆಡಿಟ್ ಕಾರ್ಡಿನಿಂದ ಮೈಲಿ ಗಳಿಸುವುದು ಒಳ್ಳೆಯದಾ?

ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವವರಾದರೆ ಒಳ್ಳೆಯದು. ಒಂದು ತಿಂಗಳು ಬಾಕಿ ಉಳಿಸಿದರೂ ಆಟ ಮುಗಿಯಿತು. ನಮ್ಮ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು, ವರ್ಷದ ಲೆಕ್ಕದಲ್ಲಿ ಶೇ. 40 ದಾಟುತ್ತದೆ. ಯಾವ ಮೈಲಿಯೂ ಅದನ್ನು ತುಂಬಿಕೊಡುವುದಿಲ್ಲ.

ಕಾರ್ಡುಗಳಲ್ಲಿ ಎರಡು ಜಾತಿ. ಒಂದು ವಿಮಾನ ಕಂಪನಿಯದೇ ಹೆಸರಿರುವ ಕಾರ್ಡು, ಪಾಯಿಂಟ್ ನೇರ ಅಲ್ಲಿಗೆ ಹೋಗುತ್ತದೆ. ಇನ್ನೊಂದರಲ್ಲಿ ಪಾಯಿಂಟ್ ಬ್ಯಾಂಕಿನಲ್ಲೇ ಇರುತ್ತದೆ, ಬೇಕಾದಾಗ ಬೇಕಾದ ಕಂಪನಿಗೆ ಸಾಗಿಸಬಹುದು. ಎರಡನೆಯದೇ ಜಾಣತನ. ಸೀಟು ಇದೆ ಅಂತ ಕಣ್ಣಲ್ಲಿ ನೋಡಿದ ಮೇಲೆ ಸಾಗಿಸಿ. ಒಮ್ಮೆ ಸಾಗಿಸಿದ್ದು ವಾಪಸ್ ಬರುವುದಿಲ್ಲ. ಸಾಗಲು ಕೆಲವು ಸಲ ನಿಮಿಷ, ಕೆಲವು ಸಲ ದಿನಗಳೇ ಬೇಕು, ಅಷ್ಟರಲ್ಲಿ ಸೀಟು ಹೋಗಲೂಬಹುದು.

ವಾರ್ಷಿಕ ಶುಲ್ಕ ನೋಡಿ. ಬಾಡಿಗೆ, ಪೆಟ್ರೋಲ್, ವ್ಯಾಲೆಟ್ಟಿಗೆ ಹಾಕುವ ದುಡ್ಡಿಗೆ ಈಗ ಬಹಳ ಕಾರ್ಡುಗಳಲ್ಲಿ ಪಾಯಿಂಟಿಲ್ಲ. ವಿಮಾನ ನಿಲ್ದಾಣದಲ್ಲಿ ಕೂತು ಕಾಯುವ ಲೌಂಜಿಗೂ 'ಇಷ್ಟು ಖರ್ಚು ಮಾಡಿದರೆ ಮಾತ್ರ' ಅನ್ನುವ ಷರತ್ತು ಬಂದಿದೆ. ಬೆಂಗಳೂರಿನ 080 ಲೌಂಜಿನ ಮುಂದೆ ಕಾರ್ಡು ಉಜ್ಜಿ 'ಆಗಲ್ಲ ಸರ್' ಅನ್ನಿಸಿಕೊಳ್ಳುವ ಮೊದಲು ಮನೆಯಲ್ಲೇ ನೋಡಿಕೊಂಡು ಹೋಗಿ.

ಸಿಲ್ವರ್, ಗೋಲ್ಡ್ ಇವೆಲ್ಲ ಬೆನ್ನಟ್ಟುವಂಥದ್ದಾ?

ಇವು ಆಗಾಗ ಹಾರುವವರಿಗೆ ಕಂಪನಿ ಕೊಡುವ ದರ್ಜೆಗಳು. ಖರ್ಚು ಮಾಡುವ ಪಾಯಿಂಟು ಬೇರೆ, ದರ್ಜೆಗೆ ಎಣಿಸುವ ಪಾಯಿಂಟು ಬೇರೆ. ಕಾರ್ಡಿನಿಂದ ಬಂದದ್ದು ಸಾಮಾನ್ಯವಾಗಿ ದರ್ಜೆಗೆ ಎಣಿಕೆಯಾಗುವುದಿಲ್ಲ. ಕ್ರಿಸ್‌ಫ್ಲೈಯರ್‌ನಲ್ಲಿ ಎಲೀಟ್ ಗೋಲ್ಡ್ ಆಗಲು 12 ತಿಂಗಳಲ್ಲಿ 50,000 ಎಲೀಟ್ ಮೈಲಿ, ಅಂದರೆ ದರ್ಜೆಗೆ ಎಣಿಸುವ ಮೈಲಿ, ಬೇಕು. ಆಫೀಸಿನವರು ಪದೇ ಪದೇ ಕಳಿಸುವವರಿಗೆ ಅದು ತಾನಾಗೇ ಬರುತ್ತದೆ. ಸ್ವಂತ ದುಡ್ಡಿನಲ್ಲಿ ಅದರ ಹಿಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಬಂದರೆ ಮಾತ್ರ ಪೂರ್ತಿ ಬಳಸಿ. ಸ್ಟಾರ್ ಅಲಯನ್ಸ್ ಗೋಲ್ಡ್ ಇದ್ದರೆ ಎಕಾನಮಿ ಟಿಕೆಟ್ಟಿನಲ್ಲೂ ಬಿಸಿನೆಸ್ ಕೌಂಟರಿನಲ್ಲಿ ಚೆಕ್‌ಇನ್, ಜೊತೆಗೊಬ್ಬರನ್ನು ಕರೆದುಕೊಂಡು ಲೌಂಜ್, ಮತ್ತೆ ತೂಕದ ಲೆಕ್ಕದ ಪ್ರಯಾಣದಲ್ಲಿ 20 ಕೆ.ಜಿ. ಜಾಸ್ತಿ ಲಗೇಜು, ಬ್ಯಾಗ್ ಲೆಕ್ಕದಲ್ಲಾದರೆ ಒಂದು ಬ್ಯಾಗ್ ಜಾಸ್ತಿ. ಸಾಂಬಾರ್ ಪುಡಿ, ಹಪ್ಪಳ, ಚಟ್ನಿಪುಡಿ, ಮಾವನ ಮನೆಯ ಉಪ್ಪಿನಕಾಯಿ ಎಲ್ಲಾ ಹೊರುವವರಿಗೆ ಇದರ ಬೆಲೆ ಗೊತ್ತು.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ: ಯುನೈಟೆಡ್‌ನದೇ ಗೋಲ್ಡ್ ಇರುವವರಿಗೆ ಅಮೆರಿಕದೊಳಗಿನ ಪ್ರಯಾಣದಲ್ಲಿ ಯುನೈಟೆಡ್ ಲೌಂಜಿಗೆ ಪ್ರವೇಶವಿಲ್ಲ. ಅದೇ ಏರ್ ಇಂಡಿಯಾ ಅಥವಾ ಸಿಂಗಾಪುರ್ ಏರ್‌ಲೈನ್ಸ್ ಮೂಲಕ ಸ್ಟಾರ್ ಗೋಲ್ಡ್ ಆದವರನ್ನು ಒಳಗೆ ಬಿಡುತ್ತಾರೆ. ಅಮೆರಿಕದಲ್ಲಿದ್ದುಕೊಂಡು ಯುನೈಟೆಡ್‌ನಲ್ಲೇ ಹಾರುವ ಕನ್ನಡಿಗರು ಮೈಲಿ ಎಲ್ಲಿಗೆ ಹಾಕಿಸಬೇಕು ಅಂತ ಯೋಚಿಸುವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಬಹುದು.

ಮೈಲಿಗಳ ಅವಧಿ ಎಷ್ಟು? ಉಳಿಸಿಕೊಳ್ಳುವುದು ಹೇಗೆ?

ಮೂರು ಥರ ಇವೆ. ಯುನೈಟೆಡ್, ಡೆಲ್ಟಾ ಮೈಲಿಗಳಿಗೆ ಅವಧಿಯೇ ಇಲ್ಲ. ಏವಿಯೋಸ್‌ನಂಥವು ಖಾತೆಯಲ್ಲಿ ಏನಾದರೂ ಚಲನೆ ಇದ್ದರೆ ಬದುಕಿರುತ್ತವೆ. 36 ತಿಂಗಳು ಏನೂ ಆಗದಿದ್ದರೆ ಹೋಗುತ್ತವೆ. ಏರೋಪ್ಲಾನ್‌ನಲ್ಲಿ ಇದು 18 ತಿಂಗಳು. ಇಂಥ ಕಡೆ ಒಂದಿಷ್ಟು ಪಾಯಿಂಟ್ ಗಳಿಸಿದರೂ, ಖರ್ಚು ಮಾಡಿದರೂ ಸಾಕು. ಮೂರನೆಯದು ಕಟ್ಟುನಿಟ್ಟು. ಕ್ರಿಸ್‌ಫ್ಲೈಯರ್ ಮೈಲಿ ಬಂದ 36 ತಿಂಗಳಿಗೆ ಮುಗಿಯುತ್ತದೆ, ನೀವು ದಿನಾ ಹಾರಿದರೂ ಅಷ್ಟೇ. ಎಮಿರೇಟ್ಸ್‌ನಲ್ಲಿ ಮೂರನೇ ವರ್ಷ ನಿಮ್ಮ ಹುಟ್ಟಿದ ತಿಂಗಳ ಕೊನೆಗೆ.

ಕಂಪನಿಯೇ ಮುಚ್ಚಿದರೆ?

ನಮ್ಮಲ್ಲೂ ಹೀಗೆ ಆಗಿದೆ. 2012ರಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ನೆಲಕ್ಕಿಳಿದಾಗ ಕಿಂಗ್ ಕ್ಲಬ್ ಮೈಲಿಗಳೂ ಅದರ ಜೊತೆಗೇ ಹೋದವು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಕಥೆ ಸ್ವಲ್ಪ ಬೇರೆ. ಅದರ ಮೈಲಿ ಯೋಜನೆ ಬೇರೆಯೇ ಕಂಪನಿಯಾಗಿತ್ತು, ಅಬುಧಾಬಿಯ ವಿಮಾನ ಕಂಪನಿ ಎತಿಹಾದ್ ಅದರ ದೊಡ್ಡ ಪಾಲುದಾರ. ಹಾಗಾಗಿ ಅದು ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿಕೊಂಡು ಉಳಿಯಿತು. ಆದರೆ ಜೆಟ್‌ನಲ್ಲಿ ಲಂಡನ್ನಿಗೆ ಹೋಗೋಣ ಅಂತ ಕೂಡಿಟ್ಟವರಿಗೆ ಹತ್ತಲು ಜೆಟ್ ಇರಲಿಲ್ಲ. ವಿಸ್ತಾರದವರಿಗೆ ಮಾತ್ರ ಪಾಯಿಂಟಿಗೆ ಪಾಯಿಂಟ್ ಸಿಕ್ಕಿತು.

ಒಂದು ಟಿಕೆಟ್ಟಿಗೆ ಆಗುವಷ್ಟು ಆದ ಕೂಡಲೇ ಖರ್ಚು ಮಾಡುವುದು ನನ್ನ ಪದ್ಧತಿ. ಮೂರು ಲಕ್ಷ ಮೈಲಿ ಕೂಡಿಹಾಕಿ ನಿವೃತ್ತಿ ಆದಮೇಲೆ ಪ್ರಪಂಚ ಸುತ್ತುತ್ತೇನೆ ಅನ್ನುವವರು, ದಯವಿಟ್ಟು ಈಗಲೇ ಎಲ್ಲಾದರೂ ಹೋಗಿಬನ್ನಿ.

ಮೈಲಿಗಳನ್ನು ಮಾರಬಹುದಾ? ಕೊಳ್ಳಬಹುದಾ?

ಮಾರುವುದು ಎಲ್ಲ ಕಡೆಯೂ ನಿಷೇಧ. ಗೊತ್ತಾದರೆ ಖಾತೆ ಮುಚ್ಚುತ್ತಾರೆ, ಕೊಂಡವರ ಟಿಕೆಟ್ ರದ್ದಾಗುತ್ತದೆ. ಕಂಪನಿಯಿಂದಲೇ ಕೊಳ್ಳಬಹುದು. ಸೀಟು ಕಣ್ಣೆದುರಿಗಿದೆ, ಎರಡು ಸಾವಿರ ಕಡಿಮೆ ಬಿದ್ದಿದೆ ಅಂದಾಗ ಕೊಳ್ಳಿ. ಸುಮ್ನೆ ಆಫರ್ ಇದೆ ಅಂತ ಬೇಡ.

'ನಿಮ್ಮ ಪಾಯಿಂಟ್ ಇಂದು ರಾತ್ರಿ ಮುಗಿಯುತ್ತದೆ' ಅಂತ ಎಸ್‌ಎಂಎಸ್ ಬಂದಿದೆ. ನಿಜವಾ?

ಲಿಂಕ್ ಇದ್ದರೆ ಮುಟ್ಟಬೇಡಿ. ಆಪ್ ಇಳಿಸಿಕೊಳ್ಳಿ ಅಂತ ಎಪಿಕೆ ಫೈಲ್ ಕಳಿಸಿದ್ದರೆ ಖಂಡಿತ ಮೋಸ. ಅದು ಫೋನಿಗೆ ಇಳಿದರೆ ಒಟಿಪಿಗಳೇ ಅವರ ಕೈಗೆ ಹೋಗುತ್ತವೆ. ಅನುಮಾನ ಬಂದರೆ ಕಂಪನಿಯ ಸೈಟಿಗೆ ನೀವೇ ಹೋಗಿ ನೋಡಿ. ವಿಮಾನದ ಬೋರ್ಡಿಂಗ್ ಪಾಸ್ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದನ್ನೂ ಬಿಡಿ. ಪಿಎನ್‌ಆರ್, ಖಾತೆ ನಂಬರ್ ಎರಡೂ ಅದರಲ್ಲಿರುತ್ತವೆ.

ಪಾಯಿಂಟಲ್ಲಿ ಮಾಡಿದ ಟಿಕೆಟ್ಟಿನ ವಿಮಾನ ರದ್ದಾದರೆ ಪರಿಹಾರ ಸಿಗುತ್ತಾ?

ಕಂಪನಿ ರದ್ದುಮಾಡಿದರೆ ಪಾಯಿಂಟೂ ಕಟ್ಟಿದ ತೆರಿಗೆಯೂ ವಾಪಸ್ ಬರಬೇಕು, ಇಲ್ಲವೇ ಬೇರೆ ವಿಮಾನ ಕೊಡಬೇಕು. ನೀವೇ ರದ್ದುಮಾಡಿದರೆ ಶುಲ್ಕ ಹಿಡಿಯುತ್ತಾರೆ, ಹೇಳದೆ ಹೋಗದೇ ಇದ್ದರೆ ಇನ್ನೂ ಜಾಸ್ತಿ ನಷ್ಟ.

ಯೂರೋಪಿನ ಮೂಲಕ ಹೋಗುವವರಿಗೆ ಇದರ ಮೇಲೆ ಇನ್ನೊಂದು ಹಕ್ಕಿದೆ. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮದ ಪ್ರಕಾರ ವಿಮಾನ ತುಂಬ ತಡವಾದರೆ ಅಥವಾ ಕೊನೇ ಗಳಿಗೆಯಲ್ಲಿ ರದ್ದಾದರೆ ದೂರಕ್ಕೆ ತಕ್ಕ ಹಾಗೆ 250ರಿಂದ 600 ಯೂರೋ ಪರಿಹಾರ ಕೊಡಬೇಕು. ಪುಕ್ಕಟೆ ಟಿಕೆಟ್ಟಿಗೆ ಆ ನಿಯಮ ಇಲ್ಲ, ಆದರೆ ಮೈಲಿ ಯೋಜನೆಯ ಟಿಕೆಟ್ಟಿಗೆ ಇದೆ ಅಂತ ನಿಯಮದಲ್ಲೇ ಬರೆದಿದ್ದಾರೆ. ಫ್ರಾಂಕ್‌ಫರ್ಟಿನಿಂದ ಹೊರಡುವ ಯಾವ ಕಂಪನಿಯ ವಿಮಾನಕ್ಕೂ ಇದು ಹೊಂದುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವಾಗ ಯೂರೋಪಿನ ಕಂಪನಿಯ ವಿಮಾನಕ್ಕೆ ಮಾತ್ರ. ಹವಾಮಾನದಂಥ ಕಂಪನಿಯ ಕೈಮೀರಿದ ಕಾರಣಕ್ಕೆ ಕೊಡುವುದಿಲ್ಲ. ವಿಮಾನದ್ದೇ ಮಾಮೂಲಿ ರಿಪೇರಿ ಅಂದರೆ ಕೊಡಬೇಕು. ಕೌಂಟರಿನಲ್ಲಿ ಊಟದ ಕೂಪನ್ ಕೊಟ್ಟು ಕಳಿಸುತ್ತಾರೆ. ಅದನ್ನು ತಗೊಳ್ಳಿ, ಕಾರಣ ಏನು ಅಂತ ಬರಹದಲ್ಲಿ ಕೇಳಿ, ಊರಿಗೆ ಬಂದಮೇಲೆ ಕಂಪನಿಯ ಸೈಟಿನಲ್ಲಿ ಅರ್ಜಿ ಹಾಕಿ.